ಅದಿರು ಸಂಸ್ಕರಣೆಯ ಹೊಸ ವಿಧಾನಗಳು ಮಲೆನಾಡಿನ ಮಳೆಯನ್ನು ತಾಳಿಕೊಳ್ಳುತ್ತವೆಯೇ?

ಪ್ರಶ್ನೆ: ನಾವು ಬಾಳೆಹೊನ್ನೂರಿನ ಹತ್ತಿರ, ಭದ್ರಾ ಹೊಳೆಯ ದಂಡೆಯಲ್ಲಿ ಅಡಿಕೆ ತೋಟ ಮಾಡಿಕೊಂಡಿರುವವರು. ಕುದುರೆಮುಖದ ಗಣಿ ನಡೆಯುತ್ತಿದ್ದಾಗ ಮಳೆಗಾಲದಲ್ಲಿ ಹೊಳೆ ಹೇಗೆ ಕೆಸರಾಗಿ ಬರುತ್ತಿತ್ತೆಂದು ನಮ್ಮ ಅಪ್ಪಯ್ಯ ಈಗಲೂ ಹೇಳುತ್ತಾರೆ. ಮಗಳು ಸುರತ್ಕಲ್‌ನಲ್ಲಿ ಮೆಟಲರ್ಜಿ ಓದುತ್ತಿದ್ದಾಳೆ. ಪರಿಸರಕ್ಕೆ ಹಾನಿ ಕಡಿಮೆ ಮಾಡುವ ಅದಿರು ಸಂಸ್ಕರಣೆಯಲ್ಲೇ ಸಂಶೋಧನೆ ಮಾಡುತ್ತೇನೆ ಎನ್ನುತ್ತಾಳೆ. ಇದು ನಿಜವಾದ ವಿಜ್ಞಾನವೋ, ಗಣಿಯವರು ಮುಂದೆ ಹಿಡಿಯುವ ಪರದೆಯೋ? ಇಂಥ ವಿಧಾನಗಳು ಬಂದರೆ ಕುದುರೆಮುಖವನ್ನು ಮತ್ತೆ ತೆರೆಯಬಹುದು ಎಂದಾಗುವುದಿಲ್ಲವೇ?

ಉತ್ತರ: ನಿಮ್ಮ ಮಗಳು ಆರಿಸಿಕೊಂಡಿರುವುದು ನಿಜವಾದ ವಿಜ್ಞಾನ, ತುರ್ತಾಗಿ ಬೇಕಾದದ್ದೂ ಹೌದು. ಕುದುರೆಮುಖದ ಮಟ್ಟಿಗೆ ಹೇಳುವುದಾದರೆ ಅದನ್ನು ತೆರೆಯಬಾರದು; ಈಗ ಪ್ರಯೋಗಾಲಯಗಳಲ್ಲಿರುವ ಯಾವ ವಿಧಾನವೂ ನನ್ನ ಈ ಮಾತನ್ನು ಬದಲಿಸುವುದಿಲ್ಲ. ಎರಡೂ ಉತ್ತರ ಒಂದೇ ಕಾರಣದಿಂದ ಹುಟ್ಟುತ್ತವೆ. ಲೋಹ ತೆಗೆದ ಮೇಲೆ ಉಳಿಯುವ ನುಣ್ಣನೆಯ ಪುಡಿಯನ್ನೂ ಅದರೊಳಗಿನ ನೀರನ್ನೂ ಎಲ್ಲಿ ಇಡುತ್ತೀರಿ ಎಂಬಲ್ಲೇ ಅದಿರು ಸಂಸ್ಕರಣೆಯ ನಿಜವಾದ ಕಷ್ಟ ಇದೆ. ಅದಕ್ಕೆ ಸಿಗುವ ಉತ್ತರ ಊರಿಂದೂರಿಗೆ, ಮಳೆಯಿಂದ ಮಳೆಗೆ ಬೇರೆಯಾಗುತ್ತದೆ.

ನಮ್ಮ ಸೀಮೆಯ ಕಬ್ಬಿಣದ ಕಥೆ ಶುರುವಾದದ್ದು ಸುಲಭದ ಅದಿರಿನಿಂದ. 1923ರಲ್ಲಿ ಭದ್ರಾವತಿಯ ಕಾರ್ಖಾನೆ ಕಬ್ಬಿಣ ಇಳಿಸಲು ತೊಡಗಿದಾಗ ಕೆಮ್ಮಣ್ಣುಗುಂಡಿಯಿಂದ ಬರುತ್ತಿದ್ದುದು ಹೆಚ್ಚು ಕಬ್ಬಿಣಾಂಶದ ಅದಿರು. ಒಡೆದು, ಜರಡಿ ಹಿಡಿದು ಕುಲುಮೆಗೆ ಹಾಕಿದರೆ ಸಾಕಿತ್ತು. ಅದರ ಬೆಲೆಯನ್ನು ಕಾಡು ತೆತ್ತಿತು, ಏಕೆಂದರೆ ಕುಲುಮೆ ಉರಿಯುತ್ತಿದ್ದುದು ಮಲೆನಾಡಿನ ಮರದ ಇದ್ದಿಲಿನಿಂದ. ಕುದುರೆಮುಖದ ಅದಿರು ಬೇರೆಯೇ ಜಾತಿ. ಅದು ಬಡ ಮ್ಯಾಗ್ನಟೈಟ್, ಅಂದರೆ ಕಬ್ಬಿಣಾಂಶ ಕಡಿಮೆಯಿರುವ ಕಪ್ಪು ಅದಿರು. ಹಿಟ್ಟಿನಷ್ಟು ನುಣ್ಣಗೆ ಅರೆಯದೆ ಕಬ್ಬಿಣ ಬಿಡುತ್ತಿರಲಿಲ್ಲ. 1976ರಲ್ಲಿ ಹುಟ್ಟಿದ ಕಂಪನಿ ವರ್ಷಕ್ಕೆ 75 ಲಕ್ಷ ಟನ್ ಕಾನ್ಸಂಟ್ರೇಟ್ (ಕಬ್ಬಿಣಾಂಶ ಹೆಚ್ಚಿಸಿದ ಪುಡಿ) ಮಾಡುವ ಸಾಮರ್ಥ್ಯದ ಕಾರ್ಖಾನೆ ಕಟ್ಟಿತು. ಆ ಪುಡಿಯನ್ನು ನೀರಿನಲ್ಲಿ ಕಲಸಿ ಸುಮಾರು 67 ಕಿ.ಮೀ. ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಕಳಿಸುತ್ತಿತ್ತು. ಎಂಜಿನಿಯರಿಂಗ್ ಎಂದು ನೋಡಿದರೆ ದೊಡ್ಡ ಸಾಧನೆ, ಅದರಲ್ಲಿ ಎರಡು ಮಾತಿಲ್ಲ.

ಈಗ ಲೆಕ್ಕ ಮಾಡೋಣ. ಕಬ್ಬಿಣದ ಅಂಶ ಶೇ. 38 ಇರುವ 100 ಟನ್ ಅದಿರು ತೆಗೆದುಕೊಳ್ಳಿ. ಅದರಿಂದ ಶೇ. 67 ಅಂಶದ 33 ಟನ್ ಕಾನ್ಸಂಟ್ರೇಟ್ ಬಂತೆನ್ನೋಣ. ಒಳಗೆ ಹೋದ ಕಬ್ಬಿಣ 38 ಟನ್, ಸಿಕ್ಕಿದ್ದು 22 ಟನ್. ಮಿಕ್ಕ 16 ಟನ್ ಕಬ್ಬಿಣ 67 ಟನ್ ಟೇಲಿಂಗ್ಸ್‌ನೊಳಗೆ ಕೂತಿತು. ಟೇಲಿಂಗ್ಸ್ ಎಂದರೆ ಕಬ್ಬಿಣ ತೆಗೆದ ಮೇಲೆ ಉಳಿಯುವ ಹೂಳು. ಅಂದರೆ ಬಿಸಾಡಿದ ಹೂಳಿನಲ್ಲೂ ನೂರಕ್ಕೆ 24ರಷ್ಟು ಕಬ್ಬಿಣ. ಕಾರಣ ಇಷ್ಟೇ: ಸಾವಿರಾರು ವರ್ಷ ಮಳೆ, ಗಾಳಿಗೆ ಸಿಕ್ಕ ಮೇಲ್ಪದರದಲ್ಲಿ ಮ್ಯಾಗ್ನಟೈಟ್ ಅರೆಬರೆ ಹೆಮಟೈಟ್ ಎಂಬ ಇನ್ನೊಂದು ಕಬ್ಬಿಣದ ಖನಿಜ ಆಗಿರುತ್ತದೆ. ಮ್ಯಾಗ್ನಟೈಟನ್ನು ಸಾಧಾರಣ ಆಯಸ್ಕಾಂತ ಹಿಡಿಯುತ್ತದೆ, ಹೆಮಟೈಟ್ ಅದಕ್ಕೆ ಸಿಗುವುದಿಲ್ಲ. ಹೀಗೆ ಉಳಿದ ಹೂಳನ್ನೆಲ್ಲ ನಿಲ್ಲಿಸಲು ಭದ್ರೆಯನ್ನು ಸೇರುವ ಲಕ್ಯಾ ಹೊಳೆಗೆ ಅಡ್ಡಲಾಗಿ ಸುಮಾರು 100 ಮೀಟರ್ ಎತ್ತರದ ಕಟ್ಟೆ ಎದ್ದಿತು.

ಈ 16 ಟನ್ನನ್ನು ಹೇಗೆ ಕಡಿಮೆ ಮಾಡುವುದು, ಆ 67 ಟನ್ನನ್ನು ಹೇಗೆ ಸುರಕ್ಷಿತವಾಗಿ ಇಡುವುದು? ನಿಮ್ಮ ಮಗಳು ಮಾಡಹೊರಟ ಸಂಶೋಧನೆಯ ಬಹುಪಾಲು ಈ ಎರಡು ಪ್ರಶ್ನೆಗಳ ಸುತ್ತ ನಡೆಯುತ್ತದೆ.

ಮೊದಲು ಅರೆಯುವ ಕೆಲಸ. ಸಂಸ್ಕರಣಾ ಘಟಕದ ಕರೆಂಟ್ ಬಿಲ್ಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಾಮಾನ್ಯವಾಗಿ ಕಲ್ಲೊಡೆಯುವ ಕ್ರಷರ್ ಮತ್ತು ಅರೆಯುವ ಬಾಲ್ ಮಿಲ್‌ಗಳದ್ದೇ. ಅರೆಯಲು ಎಷ್ಟು ವಿದ್ಯುತ್ ಬೇಕೆಂದು ಲೆಕ್ಕ ಹಾಕಲು 1952ರಲ್ಲಿ ಫ್ರೆಡ್ ಬಾಂಡ್ ಕೊಟ್ಟ ಸೂತ್ರವನ್ನು ಈಗಲೂ ಬಳಸುತ್ತೇವೆ. ಮಧ್ಯಮ ಗಟ್ಟಿತನದ ಕಲ್ಲಿಗೆ ಅದನ್ನು ಹಾಕಿ ನೋಡಿ: 2 ಮಿ.ಮೀ. ಹರಳನ್ನು 150 ಮೈಕ್ರಾನಿಗೆ (ಒಂದು ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಪಾಲು) ಇಳಿಸಲು ಟನ್ನಿಗೆ ಸುಮಾರು 7 ಯೂನಿಟ್ ವಿದ್ಯುತ್ ಬೇಕು. ಅದೇ ಹರಳನ್ನು 45 ಮೈಕ್ರಾನಿಗೆ ತರಲು 15 ಯೂನಿಟ್. 20 ಮೈಕ್ರಾನಿಗೆ ಹೋದರೆ 24. ಕಾಳು ಸಣ್ಣದಾದಷ್ಟೂ ಖರ್ಚು ಜಾಸ್ತಿ. ಆ ಖರ್ಚಿನ ಬಹುಭಾಗ ಬಿಸಿಯಾಗಿ, ಸದ್ದಾಗಿ ಹೋಗುತ್ತದೆಯೇ ಹೊರತು ಕಲ್ಲು ಒಡೆಯಲು ಬಳಕೆಯಾಗುವುದು ಅತ್ಯಲ್ಪ. ಹಾಗಾಗಿ ಎರಡು ರೋಲರುಗಳ ನಡುವೆ ಅದಿರನ್ನು ಭಾರೀ ಒತ್ತಡದಲ್ಲಿ ಹಿಂಡಿ ಬಿರುಕು ಬಿಡಿಸುವ ಯಂತ್ರಗಳು ಬಂದಿವೆ. ಅರೆಯುವ ಮೊದಲೇ ಎಕ್ಸ್‌ರೇಯಂಥ ಸೆನ್ಸರುಗಳಿಂದ ಒಂದೊಂದು ಕಲ್ಲನ್ನೂ ನೋಡಿ ಬರಿಗಲ್ಲನ್ನು ಹೊರಗೆ ತಳ್ಳುವ ವಿಧಾನವೂ ಇದೆ. ಈ ಎರಡನೆಯದು ನನಗೆ ಬಹಳ ಹಿಡಿಸಿದೆ, ಏಕೆಂದರೆ ಹೀಗೆ ತಳ್ಳಿದ್ದು ಒಣಗಿದ ದಪ್ಪ ಕಲ್ಲಾಗಿಯೇ ಉಳಿಯುತ್ತದೆ, ಹೂಳು ಆಗುವುದೇ ಇಲ್ಲ. ಆದರೆ ಪಟ್ಟೆಪಟ್ಟೆಯಾಗಿರುವ ನಮ್ಮ ಕಬ್ಬಿಣದ ಕಲ್ಲುಗಳಲ್ಲಿ ಕಬ್ಬಿಣದ ಪಟ್ಟೆಯೂ ಬೆಣಚುಕಲ್ಲಿನಂಥ ಸಿಲಿಕಾದ ಪಟ್ಟೆಯೂ ಹಲವೆಡೆ ಕೆಲವೇ ಮಿ.ಮೀ. ದಪ್ಪ. ಒಂದು ಕೈಯಳತೆ ಕಲ್ಲಿನಲ್ಲಿ ಎರಡೂ ಇರುವಾಗ ಸೆನ್ಸರ್ ಏನನ್ನು ಬಿಡಬೇಕು, ಏನನ್ನು ಹಿಡಿಯಬೇಕು? ಚಿನ್ನ, ತಾಮ್ರದ ಗಣಿಗಳಲ್ಲಿ ಗೆಲ್ಲುವ ವಿಧಾನ ಇಲ್ಲಿ ಅರ್ಧಕ್ಕೇ ನಿಲ್ಲುತ್ತದೆ.

ಆಮೇಲೆ ಸ್ಲೈಮ್, ಅಂದರೆ ಅತಿ ನುಣ್ಣನೆಯ ಕೆಸರು. 10 ಮೈಕ್ರಾನಿಗಿಂತ ಸಣ್ಣ ಕಣಗಳು ನೀರಿನಲ್ಲಿ ಬೇಗ ಕೂರುವುದಿಲ್ಲ. ಅಕ್ಕಿ ತೊಳೆದ ಅಕ್ಕಚ್ಚಿನ ಬಿಳುಪು ಹೇಗೆ ಗಂಟೆಗಟ್ಟಲೆ ತೇಲಿಕೊಂಡೇ ಇರುತ್ತದೋ ಹಾಗೆ. ಗುರುತ್ವದಿಂದ ಬೇರ್ಪಡಿಸುವ ಸ್ಪೈರಲ್‌ಗಳಿಗೆ ಇವು ಹಗುರ, ಆಯಸ್ಕಾಂತಕ್ಕೆ ತೀರ ಸಣ್ಣವು, ಕಣವನ್ನು ಗಾಳಿಗುಳ್ಳೆಗೆ ಅಂಟಿಸಿ ಮೇಲೆತ್ತುವ ಫ್ಲೋಟೇಶನ್‌ನ ಗುಳ್ಳೆಗೆ ಡಿಕ್ಕಿ ಹೊಡೆಯದೆ ಪಕ್ಕಕ್ಕೆ ಸರಿದು ಹೋಗುವಂಥವು. ನಮ್ಮ ದೇಶದ ಕಬ್ಬಿಣದ ಅದಿರಿನ ಸ್ಲೈಮ್‌ನಲ್ಲಿ ಹಲವೆಡೆ ನೂರಕ್ಕೆ 50ಕ್ಕೂ ಹೆಚ್ಚು ಕಬ್ಬಿಣ ಇದೆ. ಜತೆಗೆ ಜೇಡಿಯ ರೂಪದ ಅಲ್ಯೂಮಿನಾ ಅಂಟಿಕೊಂಡಿರುತ್ತದೆ, ಅದು ಕುಲುಮೆಗೆ ಆಗದು.

ಇಲ್ಲಿ ನಮ್ಮ ನೆಲದಲ್ಲೇ ಆದ ಒಂದು ಸೊಗಸಾದ ಕೆಲಸವನ್ನು ಹೇಳಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ.ಎ. ನಟರಾಜನ್ ಮತ್ತು ಅವರ ಶಿಷ್ಯರು ಅದಿರು ಬೇರ್ಪಡಿಸಲು ಬ್ಯಾಕ್ಟೀರಿಯಾ ಬಳಸುವ ಬಗ್ಗೆ ದಶಕಗಳ ಕಾಲ ಸಂಶೋಧನೆ ಮಾಡಿದ್ದಾರೆ. ಪೀನಿಬ್ಯಾಸಿಲಸ್ ಪಾಲಿಮಿಕ್ಸಾ ಎಂಬ ಮಣ್ಣಿನ ಬ್ಯಾಕ್ಟೀರಿಯಾ ಸ್ರವಿಸುವ ಅಂಟಿನಂಥ ಸಕ್ಕರೆ ಪದಾರ್ಥ ಹೆಮಟೈಟ್‌ಗೆ ಹಿಡಿದುಕೊಳ್ಳುತ್ತದೆ, ಅದರ ಪ್ರೋಟೀನು ಸಿಲಿಕಾಕ್ಕೆ. ಒಂದು ಕಣ ನೀರನ್ನು ಒಲಿಸಿಕೊಂಡು ಕೆಳಗೆ ಕೂರುತ್ತದೆ, ಇನ್ನೊಂದು ನೀರನ್ನು ದೂರ ತಳ್ಳಿ ನೊರೆಯ ಜತೆ ಮೇಲೇಳುತ್ತದೆ. ಈಗ ಈ ಕೆಲಸಕ್ಕೆ ಬಳಸುವ ಅಮೀನ್ ರಾಸಾಯನಿಕಗಳು ಮೀನಿಗೆ ವಿಷ. ಕಬ್ಬಿಣ ಮೇಲೇಳದಂತೆ ತಡೆಯಲು ಹಾಕುವುದು ಮಾತ್ರ ಜೋಳದ ಪಿಷ್ಟದಂಥ ನಿರಪಾಯದ ವಸ್ತು. ಹೊಳೆಗೆ ಸೇರಿದರೂ ಕರಗಿ ಹೋಗುವ ಜೈವಿಕ ಪದಾರ್ಥವೇ ಅಮೀನಿನ ಜಾಗಕ್ಕೂ ಬಂದರೆ ಎಷ್ಟು ದೊಡ್ಡ ಲಾಭ ಎಂದು ನಿಮ್ಮಂಥ ಹೊಳೆ ದಂಡೆಯವರಿಗೆ ನಾನು ವಿವರಿಸಬೇಕಿಲ್ಲ. ತೊಡಕು ಇರುವುದು ಪ್ರಮಾಣದಲ್ಲಿ. ಬೀಕರಿನಲ್ಲಿ ಕೆಲವು ಗ್ರಾಮಿಗೆ ಆಗುವುದನ್ನು ಗಂಟೆಗೆ ನೂರಾರು ಟನ್ ಹರಿಯುವ ಕಡೆ ಮಾಡಲು ಅಷ್ಟು ಬ್ಯಾಕ್ಟೀರಿಯಾ ಬೆಳೆಸುವುದು, ಅದನ್ನು ಜೀವಂತವಾಗಿ ಇಡುವುದು, ಅದರ ಖರ್ಚು ಹೊರುವುದು ಇನ್ನೂ ಬಗೆಹರಿದಿಲ್ಲ. ಸಂಶೋಧಕರಿಗೆ ಇದು ಒಳ್ಳೆಯ ಗದ್ದೆ.

ಇನ್ನು ನೀರಿನ ಮಾತು. ಇದರ ಮೇಲೆಯೇ ನನ್ನ ಉತ್ತರ ನಿಂತಿರುವುದರಿಂದ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಹಳೆಯ ಪದ್ಧತಿಯಲ್ಲಿ ಟೇಲಿಂಗ್ಸನ್ನು ತೆಳ್ಳಗಿನ ಸ್ಲರಿಯಾಗಿ, ಅಂದರೆ ನೀರು ಬೆರೆತ ಕೆಸರಾಗಿ, ಕಣಿವೆಗೆ ಬಿಡುತ್ತಾರೆ. ನೀರಿನ ಒಂದಿಷ್ಟು ಪಾಲು ಮರಳಿ ಬರುತ್ತದೆ, ಉಳಿದದ್ದು ಹೂಳಿನೊಳಗೇ ಸಿಕ್ಕಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಗಟ್ಟಿ ನೆಲ, ಒಳಗೆ ದಶಕಗಟ್ಟಲೆ ಒದ್ದೆ. ಬ್ರೆಜಿಲ್‌ನ ಬ್ರುಮಾಡಿನ್ಯೊದಲ್ಲಿ 2019ರ ಜನವರಿ 25ರಂದು ಕುಸಿದದ್ದು ಕಬ್ಬಿಣದ ಅದಿರಿನ ಇಂಥದೇ ಕಟ್ಟೆ. ಹೂಳಿನ ಮೇಲೆಯೇ ಮೆಟ್ಟಿಲು ಮೆಟ್ಟಿಲಾಗಿ ಒಳಮುಖವಾಗಿ ಏರಿಸುತ್ತ ಬಂದಿದ್ದ ಮಾದರಿ. 2016ರಿಂದ ಅದಕ್ಕೆ ಹೊಸ ಹೂಳು ಹಾಕಿರಲಿಲ್ಲ. ಆದರೂ ಒಂದು ಮಧ್ಯಾಹ್ನ ಕ್ಷಣಮಾತ್ರದಲ್ಲಿ ಗಟ್ಟಿ ಹೂಳು ದ್ರವವಾಗಿ ಹರಿದು 270 ಜನ ಸತ್ತರು. ಅದಕ್ಕೂ ಮೊದಲು, 2015ರ ನವೆಂಬರ್ 5ರಂದು, ಅದೇ ದೇಶದ ಫುಂಡಾವ್ ಕಟ್ಟೆ ಒಡೆದು 19 ಜನ ಸತ್ತಿದ್ದರು, ಹೊಳೆಯೊಂದು ಸಮುದ್ರದವರೆಗೆ ಕೆಸರಾಗಿತ್ತು. ಈ ಎರಡು ದುರಂತಗಳ ನಂತರವೇ 2020ರಲ್ಲಿ ಟೇಲಿಂಗ್ಸ್ ನಿರ್ವಹಣೆಗೆ ಜಾಗತಿಕ ಮಾನದಂಡವೊಂದು ರೂಪುಗೊಂಡಿತು.

ಇದಕ್ಕೆ ಉತ್ತರವಾಗಿ ಬಂದದ್ದು ಹೂಳನ್ನು ಹಿಂಡಿ ಇಡುವ ವಿಧಾನ. ಥಿಕನರಿನಲ್ಲಿ ನೀರು ಇಳಿಸಿ, ಫಿಲ್ಟರ್ ಪ್ರೆಸ್‌ನಲ್ಲಿ ಬಟ್ಟೆಗಳ ನಡುವೆ ಒತ್ತಿ, ತೇವ ಶೇ. 15ರ ಆಸುಪಾಸಿಗೆ ಬಂದ ಮೇಲೆ ಲಾರಿಯಲ್ಲಿ ಸಾಗಿಸಿ, ಪದರ ಪದರವಾಗಿ ರೋಲರ್ ಹೊಡೆದು ದಿಬ್ಬ ಮಾಡುವುದು. ಕಟ್ಟೆ ಬೇಡ, ಕಣಿವೆ ಮುಳುಗುವುದಿಲ್ಲ, ನೀರಿನ ಬಹುಪಾಲು ಕಾರ್ಖಾನೆಗೇ ವಾಪಸ್. ಬಳ್ಳಾರಿ, ಸಂಡೂರಿನಂಥ ವರ್ಷಕ್ಕೆ 500ರಿಂದ 700 ಮಿ.ಮೀ. ಮಳೆಯ ಕಡೆ ಇದಕ್ಕಿಂತ ಒಳ್ಳೆಯದು ಸದ್ಯಕ್ಕೆ ಇಲ್ಲ ಎಂದೇ ನನ್ನ ನಂಬಿಕೆ.

ಅದನ್ನೇ ಕುದುರೆಮುಖಕ್ಕೆ ತನ್ನಿ. ಅಲ್ಲಿ ವರ್ಷದ ಮಳೆ 6,000 ಮಿ.ಮೀ. ಆಸುಪಾಸು. ಒಂದು ಹೆಕ್ಟೇರ್ ದಿಬ್ಬದ ಮೇಲೆ ವರ್ಷಕ್ಕೆ 6 ಕೋಟಿ ಲೀಟರ್ ನೀರು ಬೀಳುತ್ತದೆ. ಪುನರ್ವಸು, ಪುಷ್ಯ ಮಳೆಗಳಲ್ಲಿ ಒಂದೇ ದಿನ 200 ಮಿ.ಮೀ. ಬಿದ್ದರೆ ಆ ಹೆಕ್ಟೇರಿಗೆ 20 ಲಕ್ಷ ಲೀಟರ್. ಫಿಲ್ಟರ್ ಪ್ರೆಸ್ ಬೇಸಿಗೆಯಿಡೀ ಹಿಂಡಿ ತೆಗೆದ ನೀರನ್ನು ಆಕಾಶ ಒಂದೇ ವಾರದಲ್ಲಿ ಮರಳಿ ತುಂಬುತ್ತದೆ. ರೋಲರ್ ಹೊಡೆದ ಪದರ ಗಟ್ಟಿಯಾಗಲು ತೇವ ಒಂದು ಹದದಲ್ಲಿರಬೇಕು. ಮಳೆಗಾಲದ ನಾಲ್ಕು ತಿಂಗಳು ಆ ಹದ ಸಿಗುವುದೇ ಇಲ್ಲ. ದಿಬ್ಬಕ್ಕೆ ಚಾವಣಿ ಹಾಕಬಹುದಲ್ಲ ಎಂದು ಕೇಳುವವರಿದ್ದಾರೆ. ಚಿಕ್ಕ ಘಟಕಕ್ಕೆ ಆದೀತು. ವರ್ಷಕ್ಕೆ ಕೋಟಿ ಟನ್ನಿಗೂ ಮೀರಿ ಹೂಳು ಬರುವ ಕಡೆ ಯಾವ ಚಾವಣಿ? ಇಷ್ಟರ ಮೇಲೆ ನಮ್ಮ ಇಳಿಜಾರು. ಯಂತ್ರದಿಂದ ಬುಡ ಕೊರೆದ ಧರೆಗಳು ಆಗಸ್ಟ್ ಹೊತ್ತಿಗೆ ಎಲ್ಲೆಲ್ಲಿ ಕುಸಿದು ರಸ್ತೆಗೆ ಬರುತ್ತವೆಂದು ಮಲೆನಾಡಿನವರಿಗೆಲ್ಲ ಗೊತ್ತು. ಸಾವಿರಾರು ವರ್ಷ ಬೇರು, ಹುಲ್ಲು ಹಿಡಿದಿಟ್ಟ ಮಣ್ಣಿನ ಗತಿಯೇ ಹೀಗಾದರೆ ಅರೆದು ಸುರಿದ ಪುಡಿಯ ಗತಿ ಏನು!

ವನ್ಯಜೀವಿ ಸಂರಕ್ಷಕ ಕೆ.ಎಂ. ಚಿಣ್ಣಪ್ಪನವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್ 30ರಂದು ಕೊಟ್ಟ ತೀರ್ಪಿನಂತೆ ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಅದು ರಾಷ್ಟ್ರೀಯ ಉದ್ಯಾನ, ಅದು ಕಾನೂನಿನ ಮಾತು. ಕಾನೂನನ್ನು ಬದಿಗಿಟ್ಟು ಬರೀ ಎಂಜಿನಿಯರ್ ಆಗಿ ನೋಡಿದರೂ ನನ್ನ ತೀರ್ಮಾನ ಅದೇ. ಭದ್ರೆ, ತುಂಗೆ, ನೇತ್ರಾವತಿ ಮೂರೂ ಹುಟ್ಟುವ ನೆತ್ತಿಯ ಮೇಲೆ, ಅಷ್ಟು ಮಳೆಯಲ್ಲಿ, ಅಷ್ಟು ನುಣ್ಣಗೆ ಅರೆಯಬೇಕಾದ ಅದಿರಿಗೆ ಸುರಕ್ಷಿತವಾದ ಹೂಳಿನ ಜಾಗ ಇಲ್ಲ.

ನಿಮ್ಮ ಮಗಳು ಒಂದು ಮರುಪ್ರಶ್ನೆ ಹಾಕಬಹುದು: ಗುಡ್ಡ ಮುಟ್ಟುವುದು ಬೇಡ, ಲಕ್ಯಾದಲ್ಲಿ ಆಗಲೇ ಅರೆದು ಇಟ್ಟಿರುವ ಹೂಳಿನಿಂದ ಕಬ್ಬಿಣ ತೆಗೆದರೇನು? ಅರೆಯುವ ಖರ್ಚೂ ಉಳಿಯುತ್ತದೆ. ಕಾಗದದ ಮೇಲೆ ಇದು ಬಹಳ ಚೆನ್ನಾಗಿ ಕಾಣುತ್ತದೆ, ಇಂಥ ಆಸೆಯನ್ನು ನಾನು ಕಿರಿಯ ಎಂಜಿನಿಯರುಗಳಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಆದರೆ ಮಳೆಗಾಲದಿಂದ ಮಳೆಗಾಲಕ್ಕೆ ಕೂತು ನಿಧಾನಕ್ಕೆ ಗಟ್ಟಿಯಾಗುತ್ತಿರುವ ಒದ್ದೆ ಹೂಳನ್ನು ಕೆದಕಿದರೆ ಅದು ಮತ್ತೆ ಸ್ಲರಿಯಾಗುತ್ತದೆ. ಶೇ. 24ರ ಹೂಳಿನಿಂದ ಕಬ್ಬಿಣ ತೆಗೆದರೆ ಹತ್ತರಲ್ಲಿ ಎಂಟು ಪಾಲು ಮತ್ತೆ ಅಲ್ಲೇ ಸುರಿಯಬೇಕಾಗುತ್ತದೆ, ಅದೂ ಮೊದಲಿಗಿಂತ ನುಣ್ಣಗೆ. ಲಕ್ಯಾಕ್ಕೆ ಬೇಕಾದದ್ದು ಕಟ್ಟೆಯ ಒಳಗಿನ ನೀರಿನ ಮಟ್ಟ ಅಳೆಯುವ ಪೀಜೋಮೀಟರುಗಳು, ಕೋಡಿಯ ಆರೈಕೆ, ಮೇಲ್ಮೈಯಲ್ಲಿ ಬೇರೂರುವ ಹಸಿರು ಮತ್ತು ತಲೆಮಾರುಗಳವರೆಗೆ ನಿಲ್ಲದ ಕಾವಲು.

ಹಾಗಾದರೆ ಹಳೆಯ ಹೂಳಿನಿಂದ ಲೋಹ ತೆಗೆಯುವುದೇ ತಪ್ಪೇ? ಖಂಡಿತ ಅಲ್ಲ, ಕೋಲಾರ ನೋಡಿ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಚಿನ್ನ ಕರಗಿಸಿ ತೆಗೆಯಲು ಬಳಸಿದ ಸೈನೈಡ್ ಬೆರೆತ ಪುಡಿಯ ದಿಬ್ಬಗಳು ಊರಿನ ನಡುವೆಯೇ ಉಳಿದವು. ಸುಮಾರು 3.3 ಕೋಟಿ ಟನ್ ಪುಡಿ, ಟನ್ನಿಗೆ ಒಂದು ಗ್ರಾಮಿಗೂ ಕಡಿಮೆ ಚಿನ್ನ. ಅಲ್ಲಿ ಮಳೆ ಕಡಿಮೆ, ಗಾಳಿ ಜಾಸ್ತಿ. ದಿಬ್ಬದ ದೂಳು ಇವತ್ತೂ ಮನೆಗಳೊಳಗೆ ಬೀಳುತ್ತಿದೆ. ಅಲ್ಲಿ ಕೆದಕದೆ ಬಿಡುವುದೇ ಹೆಚ್ಚಿನ ಅಪಾಯ. ಚಿನ್ನ ತೆಗೆಯುವ ನೆಪದಲ್ಲಾದರೂ ಆ ಪುಡಿಯನ್ನು ಸಂಸ್ಕರಿಸಿ, ಸೈನೈಡ್ ನಾಶಮಾಡಿ, ಸರಿಯಾದ ತಳ ಹಾಕಿ, ಮುಚ್ಚಿ ಇಡಬಹುದು. ಸೈನೈಡ್ ಬದಲು ಥಯೋಸಲ್ಫೇಟ್ ಬಳಸುವ ವಿಧಾನವನ್ನು ಅಮೆರಿಕದ ನೆವಾಡಾದಲ್ಲಿ ಕಾರ್ಖಾನೆಯ ಮಟ್ಟಕ್ಕೇ ತಂದಿದ್ದಾರೆ. ಕೋಲಾರದ ಪುಡಿಗೆ ಅದು ಹೊಂದುತ್ತದೆಯೇ ಎಂದು ನೋಡುವುದು ಸಂಶೋಧನೆಗೆ ಯೋಗ್ಯ ವಿಷಯ.

ಸಂಡೂರಿನ ಕಥೆಯೂ ಅಂಥದೇ. 2011ರಲ್ಲಿ ಸುಪ್ರೀಂ ಕೋರ್ಟ್ ಅಲ್ಲಿನ ಗಣಿಗಳನ್ನು ನಿಲ್ಲಿಸಿದಾಗ, ಒಳ್ಳೆಯ ಅದಿರು ಹೊತ್ತೊಯ್ದು ಬಡ ಅದಿರನ್ನು ಬೆಟ್ಟದ ಬದಿಗೆ ತಳ್ಳಿದ ರಾಶಿಗಳು ಎದ್ದು ಕಂಡವು. ಭಾರತೀಯ ಗಣಿ ಬ್ಯೂರೋ ಕನಿಷ್ಠ ಶೇ. 45 ಕಬ್ಬಿಣ ಇರುವ ಹೆಮಟೈಟನ್ನೂ ಅದಿರೆಂದೇ ಲೆಕ್ಕಕ್ಕೆ ಹಿಡಿಯಬೇಕೆಂದು ಹೇಳಿದ ಮೇಲೆ ಇವಕ್ಕೆ ಬೆಲೆ ಬಂದಿದೆ. ಇಲ್ಲಿ ನನ್ನನ್ನು ಸೆಳೆಯುವ ಪ್ರಯೋಗ ಒಂದಿದೆ: ಹೆಮಟೈಟನ್ನು 500ರಿಂದ 700 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಇದ್ದಿಲಿನ ಅನಿಲದೊಂದಿಗೆ ಹುರಿದರೆ ಅದು ಮ್ಯಾಗ್ನಟೈಟ್ ಆಗುತ್ತದೆ, ಆಮೇಲೆ ಸಾಧಾರಣ ಆಯಸ್ಕಾಂತಕ್ಕೇ ಸಿಗುತ್ತದೆ. ಕಲ್ಲಿದ್ದಲ ಬದಲು ಕೃಷಿ ತ್ಯಾಜ್ಯದ ಇದ್ದಿಲು ಬಳಸುವ ಪ್ರಯತ್ನಗಳು ನಡೆದಿವೆ. ಪ್ರತಿ ವರ್ಷ ಸುಗ್ಗಿಯಲ್ಲಿ ನಿಮ್ಮ ಅಂಗಳದಲ್ಲೇ ಅಡಿಕೆ ಸಿಪ್ಪೆ ರಾಶಿ ಬೀಳುತ್ತದೆ, ಬಹುಪಾಲು ರಸ್ತೆ ಬದಿಗೆ ಹೋಗುತ್ತದೆ. ಅದರ ಇದ್ದಿಲಿನಲ್ಲಿ ಸಂಡೂರಿನ ಬಡ ಅದಿರು ಎಷ್ಟು ಹೊತ್ತಿಗೆ, ಎಷ್ಟು ಬಿಸಿಯಲ್ಲಿ ಬದಲಾಗುತ್ತದೆಂದು ಅಳೆಯುವುದು ಸ್ನಾತಕೋತ್ತರ ಪ್ರಬಂಧಕ್ಕೆ ಒಳ್ಳೆಯ ವಿಷಯವಾದೀತು. ಮರ ಕಡಿದು ಇದ್ದಿಲು ಮಾಡಿದ ಭದ್ರಾವತಿಯ ಕಾಲಕ್ಕೂ ಇದಕ್ಕೂ ಇರುವ ಅಂತರ ನನಗೆ ಮುಖ್ಯವಾಗಿ ಕಾಣುತ್ತದೆ.

ಇನ್ನೊಂದು ವಿಷಯ ನಮ್ಮ ಬಾಗಿಲಿಗೇ ಬರಲಿದೆ, ಆದ್ದರಿಂದ ಹೇಳಿಬಿಡುತ್ತೇನೆ. 1997ರವರೆಗೆ ಶಿವಮೊಗ್ಗ ಜಿಲ್ಲೆಗೇ ಸೇರಿದ್ದ ಚನ್ನಗಿರಿ ತಾಲ್ಲೂಕಿನ ಉಬ್ರಾಣಿ, ತಾವರೆಕೆರೆ ಸುತ್ತಮುತ್ತ ಟೈಟಾನಿಯಂ ಮತ್ತು ವನೇಡಿಯಂ ಬೆರೆತ ಮ್ಯಾಗ್ನಟೈಟ್ ಇದೆ. 2023ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ಎರಡೂ ಸೇರಿವೆ. ಇಂಥ ಅದಿರಿನ ತೊಡಕು ಏನೆಂದರೆ ಟೈಟಾನಿಯಂ ಖನಿಜ ಮ್ಯಾಗ್ನಟೈಟಿನ ಹರಳಿನ ಒಳಗೇ ಕೂದಲೆಳೆಗಿಂತ ತೆಳುವಾದ ಹಾಳೆಗಳಾಗಿ ಹೆಣೆದುಕೊಂಡಿರುತ್ತದೆ. ಎಷ್ಟು ಅರೆದರೂ ಪೂರ್ತಿ ಬಿಡುವುದಿಲ್ಲ. ಹಾಗೆಯೇ ಕುಲುಮೆಗೆ ಹಾಕಿದರೆ ಕಿಟ್ಟ ಮಂದವಾಗಿ ಹರಿಯದೆ ನಿಲ್ಲುತ್ತದೆ. ವನೇಡಿಯಂ ತೆಗೆಯಲು ಸೋಡಾ ಸೇರಿಸಿ ಹುರಿದು ನೀರಿನಲ್ಲಿ ಕರಗಿಸುವುದು ರೂಢಿಯ ದಾರಿ. ಅದರಿಂದ ಉಳಿಯುವುದು ಉಪ್ಪಿನಂಶದ ನೀರು. ಅಲ್ಲಿ ಗಣಿ ಬೇಕೆಂದು ಯಾರಾದರೂ ಬಂದರೆ ಮೊದಲು ಕೇಳಬೇಕಾದದ್ದು ಆ ಉಪ್ಪುನೀರು ಯಾವ ಕೆರೆಗೆ ಹೋಗುತ್ತದೆ ಎಂದು. ವನೇಡಿಯಂ ಉಕ್ಕಿನ ಕಿಟ್ಟದಲ್ಲಿ, ತೈಲ ಶುದ್ಧೀಕರಣದ ಹಳೆಯ ಕ್ಯಾಟಲಿಸ್ಟ್‌ಗಳಲ್ಲಿ, ಅಲ್ಯೂಮಿನಾ ಕಾರ್ಖಾನೆಗಳ ಕೆಸರಿನಲ್ಲಿ ಕೂಡ ಸಿಗುತ್ತದೆ. ಹೊಸ ಗುಡ್ಡಕ್ಕೆ ಕೈ ಹಾಕುವ ಮೊದಲು ಇವನ್ನು ಬರಿದು ಮಾಡಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಮಗಳಿಗೆ ಎರಡು ಮೂರು ಮಾತು. ಖನಿಜ ಸಂಸ್ಕರಣೆ ಓದುವವರು ಕಾನ್ಸಂಟ್ರೇಟ್ ಹೊರಬರುವ ಕೊಳವೆಯ ಹತ್ತಿರವೇ ನಿಲ್ಲುತ್ತಾರೆ. ಆಕೆ ಟೇಲಿಂಗ್ಸ್ ಹೊರಬರುವ ಕೊಳವೆಯ ಹತ್ತಿರ ನಿಲ್ಲಲಿ. ಸ್ಲೈಮ್‌ನಿಂದ ನೀರು ಬೇರ್ಪಡಿಸುವುದು, ಸಣ್ಣ ಕಣಗಳನ್ನು ಒಟ್ಟುಗೂಡಿಸಿ ಕೂರಿಸುವ ಫ್ಲಾಕ್ಯುಲೆಂಟ್‌ಗಳು, ಹಿಂಡಿದ ಹೂಳು ಮಳೆಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದು: ಈ ಮೂರರಲ್ಲಿ ಒಂದನ್ನು ಹಿಡಿದರೆ ಜೀವನಪೂರ್ತಿ ಕೆಲಸವಿದೆ. ಜತೆಗೆ ಸಿವಿಲ್ ವಿಭಾಗದ ಮಣ್ಣಿನ ಬಲವಿಜ್ಞಾನವನ್ನೂ ಜಲವಿಜ್ಞಾನವನ್ನೂ ಕಲಿಯಲಿ. ಜಮ್‌ಶೆಡ್‌ಪುರದ ರಾಷ್ಟ್ರೀಯ ಲೋಹವಿಜ್ಞಾನ ಪ್ರಯೋಗಾಲಯ, ಭುವನೇಶ್ವರದ ಖನಿಜ ಮತ್ತು ಪದಾರ್ಥ ತಂತ್ರಜ್ಞಾನ ಸಂಸ್ಥೆ ಎರಡೂ ಈ ವಿಷಯದಲ್ಲಿ ದೊಡ್ಡ ಮಟ್ಟದ ಕೆಲಸ ಮಾಡುವ ಜಾಗಗಳು, ಪೈಲಟ್ ಘಟಕಗಳಿವೆ. ಬೇಸಿಗೆ ರಜೆಯಲ್ಲಿ ಒಂದು ಕಡೆ ತರಬೇತಿಗೆ ಅರ್ಜಿ ಹಾಕಿ ನೋಡಲಿ. ಅಲ್ಲಿಗೆ ಹೋಗುವಾಗ ಯಾವ ವಿಧಾನದ ಬಗ್ಗೆ ಓದಿದರೂ ಟನ್ನಿಗೆ ಎಷ್ಟು ಯೂನಿಟ್, ಎಷ್ಟು ಲೀಟರ್ ಹೊಸ ನೀರು, ಎಷ್ಟು ಕೆ.ಜಿ. ರಾಸಾಯನಿಕ, ಹೂಳಿನ ತೇವ ಎಷ್ಟು ಎಂಬ ನಾಲ್ಕು ಅಂಕಿಯನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವ ಅಭ್ಯಾಸ ಮಾಡಲಿ. ಲೋಹ ಎಷ್ಟು ಹೆಚ್ಚು ಸಿಕ್ಕಿತೆಂದು ಮಾತ್ರ ಹೇಳಿ ಈ ನಾಲ್ಕನ್ನು ಬಿಟ್ಟಿರುವ ಪ್ರಬಂಧಗಳು ಬೇಕಾದಷ್ಟಿವೆ. ಅವುಗಳಲ್ಲಿ ಬಿಟ್ಟುಹೋದ ಅಂಕಿಯನ್ನು ತಾನೇ ಅಳೆಯುವುದರಿಂದ ಆಕೆಯ ಸಂಶೋಧನೆ ಶುರುವಾಗಬಹುದು.